ಓಬರ್‌ಗ್ರೂಬೆನ್ ಕೊಳವೆಯ ಬಿಳಿ ನೀರು

ನಮ್ಮೂರಿನ ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಇಪ್ಪತ್ತಾರು ವರ್ಷ ನೋಡಿಕೊಂಡ ವೆಂಡೆಲಿನನಿಗೆ ಹೆಂಡತಿಗಿಂತ ಲೆಖ್ ನದಿಯೇ ಹೆಚ್ಚಾಗಿತ್ತು ಎಂದು ಜನ ಆಡಿಕೊಳ್ಳುತ್ತಿದ್ದರು. ಆಕೆ ಬಿಟ್ಟುಹೋದದ್ದು ಬೇರೆಯೇ ಕಾರಣಕ್ಕೆ, ಅದು ಇಲ್ಲಿ ಬೇಡ. ಊರಿನ ಹೊಲಸೆಲ್ಲ ಇವನ ಅಂಗಳಕ್ಕೆ ಬರುತ್ತಿತ್ತು, ನದಿಗೆ ಮಾತ್ರ ತಿಳಿನೀರು ಹೋಗುತ್ತಿತ್ತು. ತೊಟ್ಟಿಯಲ್ಲಿ ಕೊಳೆ ತಿನ್ನುವ, ಕಣ್ಣಿಗೆ ಕಾಣದ ಜೀವಿಗಳನ್ನು ಅವನು 'ನನ್ನ ದನ' ಎನ್ನುತ್ತಿದ್ದ.

ಆ ದನಗಳಿಗೆ ಹಾಲು ಆಗದು. ಬೆಟ್ಟದ ಮೇಲಿನ ಹಳ್ಳಿ ಓಬರ್‌ಗ್ರೂಬೆನ್‌ನಲ್ಲಿ ಉಳಿದದ್ದು ಒಂದೇ ಮನೆ, ವೆಂಡೆಲಿನನ ತಂಗಿ ಝೆಂಝಿಯದು. ಅವಳ ಗಂಡ ಕಾಸಿಯಾನ್ ಹಾಲಿನ ಕ್ಯಾನು ತೊಳೆದ ನೀರನ್ನು ಗೊಬ್ಬರದ ಗುಂಡಿಗೆ ಬಿಡದೆ ಚರಂಡಿಯ ಕೊಳವೆಗೇ ಸುರಿಯುತ್ತಿದ್ದ. ದಿನಾ ಬೆಳಿಗ್ಗೆ ಏಳಕ್ಕೆ ಅದು ಬೆಳ್ಳಗೆ ಇಳಿದು ಬರುತ್ತಿತ್ತು.

"ಭಾವ, ನಿನ್ನ ಹಾಲಿಗೆ ನನ್ನ ದನ ಸಾಯ್ತವೆ. ಆಮೇಲೆ ನದೀಲಿ ಮೀನೂ ಸಾಯ್ತವೆ."

"ನನ್ನ ದನ ಹಾಲು ಕೊಡ್ತವೆ, ನಿನ್ನವಕ್ಕೆ ಕುಡಿಯೋಕೂ ಬರಲ್ವಲ್ಲಯ್ಯ!"

ಹನ್ನೊಂದು ವರ್ಷದ ಜಗಳ ಇದು. ಒಂದು ಫೆಬ್ರವರಿಯ ಭಾನುವಾರ ಚರ್ಚಿನ ಮುಂದೆ ವೆಂಡೆಲಿನ್‌ಗೆ ತಲೆ ಕೆಟ್ಟು, "ನಿನ್ನ ಕೊಳವೆ ಒಣಗಿ ಹೋಗ್ಲಿ!" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದೇ ಸಂಜೆ ಬೆಟ್ಟದ ಹಿಮ ಕುಸಿದು ಓಬರ್‌ಗ್ರೂಬೆನ್‌ಗೆ ಹೋಗುವ ದಾರಿ, ಕರೆಂಟು, ಫೋನು ಎಲ್ಲ ಕಡಿದುಹೋಯಿತು.

ರಕ್ಷಣಾ ತಂಡದ ಮುಖಂಡ ಲೋಯಿಸ್ ಇಳಿಜಾರನ್ನು ದುರ್ಬೀನಿನಲ್ಲಿ ನೋಡಿದ. ಬಿದ್ದಷ್ಟೇ ಹಿಮ ಇನ್ನೂ ಮೇಲೆ ತೂಗುತ್ತಿತ್ತು. "ಮೇಲೆ ಜೀವ ಇದೆ ಅಂತ ಗೊತ್ತಾದ್ರೆ ಈಗಲೇ ಹೋಗ್ತೀನಿ. ಗೊತ್ತಿಲ್ದೆ ಹದಿನಾಲ್ಕು ಜನರನ್ನ ಸಾಯೋಕೆ ಕಳಿಸಲಾರೆ," ಎಂದ.

ಸೋಮವಾರ ಬೆಳಿಗ್ಗೆ ಏಳಕ್ಕೆ ವೆಂಡೆಲಿನ್ ಓಬರ್‌ಗ್ರೂಬೆನ್ ಕೊಳವೆ ಬಂದು ಸೇರುವ ಮ್ಯಾನ್‌ಹೋಲಿನ ಮುಚ್ಚಳ ಎತ್ತಿದ. ಮುಖಕ್ಕೆ ಆವಿ ಹೊಡೆಯಿತು. ಬಿಳಿ ನೀರು, ಉಗುರುಬೆಚ್ಚಗೆ, ಹುಳಿಹಾಲಿನ ನಾತ. ಕಾಲು ಗಂಟೆ ಹರಿದು ನಿಂತಿತು. ಅವನು ಹಿಮದಲ್ಲಿ ಮಂಡಿಯೂರಿ ಅತ್ತ. "ಸುರಿ ಭಾವ, ಸುರಿ!" ಎಂದು ಗುಂಡಿಯೊಳಕ್ಕೆ ಕೂಗಿದ.

ಲೋಯಿಸ್ ನಂಬಲಿಲ್ಲ. ಮಂಗಳವಾರವೂ ನೀರು ಬಂತು. ಬುಧವಾರವೂ ಬಂದಾಗ ವೆಂಡೆಲಿನ್ ದಿನಾ ಬಂದ ನೀರಿನ ಲೆಕ್ಕ ಬರೆಯುವ ಲಾಗ್ ಬುಕ್ಕನ್ನೇ ಅವನ ಮುಂದೆ ಹಿಡಿದ. "ಇಪ್ಪತ್ತಾರು ವರ್ಷದಲ್ಲಿ ಇದ್ರಲ್ಲಿ ಒಂದು ಸುಳ್ಳು ಬರೆದಿದ್ರೆ ನನ್ನ ಕೈ ಕತ್ತರಿಸು. ಭಾವ ಬದುಕಿದ್ದಾನೆ."

ಹದಿನಾಲ್ಕು ಜನ ಹೊರಟರು. ಮಧ್ಯಾಹ್ನದ ಹೊತ್ತಿಗೆ ನೆಲಮಾಳಿಗೆಯಲ್ಲಿ ಝೆಂಝಿ ಸಿಕ್ಕಳು, ಉಸಿರಿತ್ತು. ಇನ್ನೊಂದು ದಿನ ತಡವಾಗಿದ್ದರೆ ಇರುತ್ತಿರಲಿಲ್ಲವಂತೆ. ಕಾಸಿಯಾನ್ ಕೊಟ್ಟಿಗೆಯ ತೊಲೆಯ ಕೆಳಗಿದ್ದ. ಕುಸಿದ ಕ್ಷಣಕ್ಕೇ, ಭಾನುವಾರವೇ ಹೋಗಿದ್ದಾನೆ ಎಂದರು ಡಾಕ್ಟರು.

"ಹಾಗಾದ್ರೆ ನೀರು ಬಿಟ್ಟಿದ್ದು ನೀನಾ?" ಎಂದು ವೆಂಡೆಲಿನ್ ತಂಗಿಯನ್ನು ಕೇಳಿದ.

"ಯಾವ ನೀರಣ್ಣ? ನಲ್ಲೀಲಿ ಒಂದು ಹನಿ ಇರ್ಲಿಲ್ಲ. ನೆಲಮಾಳಿಗೆ ಕಿಂಡೀಲಿ ಬಿದ್ದ ಹಿಮ ಚೀಪ್ಕೊಂಡಿದ್ದೆ."

ಗುರುವಾರ ಏಳಕ್ಕೆ ಅವನು ಮುಚ್ಚಳ ಎತ್ತಿದಾಗ ಕೊಳವೆಯ ಬಾಯಿ ಒಣಗಿತ್ತು. ಆ ದಿನ ಒಣಗಿದ್ದಲ್ಲ, ಕೆಲವು ದಿನಗಳ ಹಿಂದೆಯೇ ಒಣಗಿದ್ದು. ಕೊಳೆ ಹಪ್ಪಳದಂತೆ ಎದ್ದು, ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದವರು, ಅದು ಕೊರಕಲಿನಲ್ಲಿ ಎರಡು ತುಂಡಾಗಿದೆ, ಮುರಿದ ಬಾಯಿಗೆ ಕಲ್ಲು, ಮಂಜುಗಡ್ಡೆ ಬಿಗಿದು ಕೂತಿವೆ, ಭಾನುವಾರದಿಂದ ಇಲಿಯ ಉಚ್ಚೆಯೂ ದಾಟಿರಲಾರದು ಎಂದರು. ವೆಂಡೆಲಿನ್ ಲಾಗ್ ಬುಕ್ ತೆಗೆದ. ಮೂರು ದಿನದ ಬರಹ ಅವನದೇ ಕೈಯದು. ಅವನಿಗೆ ಜೀವಮಾನದಲ್ಲಿ ಮೊದಲ ಸಲ ತನ್ನ ಘಟಕದಲ್ಲಿ ಒಬ್ಬನೇ ಇರಲು ಹೆದರಿಕೆಯಾಯಿತು.

ಮಣ್ಣು ಮಾಡಿದ ಮರುದಿನ ಝೆಂಝಿ ಬಂದು, ಮುಚ್ಚಳ ತೆಗೆಸಿ, ಆ ಕತ್ತಲೆಯನ್ನು ನೋಡುತ್ತ ನಿಂತಳು.

"ಶಾಪ ಹಾಕಿದ್ದು ನಾನೇ ಕಣೇ," ಎಂದ ವೆಂಡೆಲಿನ್.

"ಅವರು ಬೇಜಾರೇ ಮಾಡ್ಕೊಳ್ಳಲಿಲ್ಲ. ಮನೆಗೆ ಬಂದು ನಕ್ಕೂ ನಕ್ಕೂ ಸುಸ್ತಾದ್ರು. 'ಇನ್ನು ಮೂರು ದಿನ ಬೇಕಂತಲೇ ಸುರಿದು ಅವನ ಹೊಟ್ಟೆ ಉರಿಸ್ತೀನಿ, ಆಮೇಲೆ ನಿಲ್ಲಿಸ್ತೀನಿ, ಪಾಪ ಅವನ ನದಿ' ಅಂದ್ರು." ಅವಳು ಅಣ್ಣನ ಕಡೆ ತಿರುಗಿದಳು. "ಎಷ್ಟು ದಿನ ಬಂತಣ್ಣ?"

"ಮೂರು," ಎಂದ ವೆಂಡೆಲಿನ್.