ಹೆರಿಗೆ ಕೋಣೆಯ ಏಲಕ್ಕಿ

ಕುಲ್ಸುಮ್ ಕಳಸದ ಜೀಪು ಮೆಕ್ಯಾನಿಕ್ ಒಬ್ಬರ ಮಗಳು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ೧೯೭೯ರಲ್ಲಿ ತಮ್ಮೇಗೌಡರ ಎಸ್ಟೇಟಿನ ಸಣ್ಣ ಆಸ್ಪತ್ರೆಗೆ ಸೇರಿದಳು. ಆ ಕೆಲಸ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಹಿಂದೆ ಬಂದಿದ್ದ ಮೂವರು ನರ್ಸುಗಳೂ ಬಿಟ್ಟು ಹೋಗಿದ್ದರು.

ಯಾಕೆಂದು ಅವಳಿಗೆ ಮೊದಲ ಮಳೆಗಾಲದಲ್ಲೇ ತಿಳಿಯಿತು. ಎಸ್ಟೇಟಿನಲ್ಲಿ ಸೋರದೆ ಇದ್ದದ್ದು ಹೆರಿಗೆ ಕೋಣೆಯೊಂದೇ. ಗೌಡರು ಅಲ್ಲಿನ ಹೆರಿಗೆ ಮೇಜಿನ ಮೇಲೆ ಏಲಕ್ಕಿ ಒಣಗಲು ಹರಡಿಸಿ, ಬೀಗದ ಕೈಯನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜಪ್ಪನಿಗೆ ಕೊಟ್ಟಿದ್ದರು.

ಒಂದು ಮಧ್ಯಾಹ್ನ ಕೂಲಿಯಾಳು ಸುಬ್ಬಿಗೆ ಹೆರಿಗೆ ನೋವು ಶುರುವಾಯಿತು.

“ಬೀಗ ತೆಗೀರಿ ರೈಟ್ರೇ,” ಎಂದಳು ಕುಲ್ಸುಮ್.

“ಗೌಡ್ರು ಮೂಡಿಗೆರೆಗೆ ಹೋಗಿದಾರೆ ಸಿಸ್ಟರ್. ಅವ್ರನ್ನ ಕೇಳ್ದೆ ಹ್ಯಾಗೆ ತೆಗೀಲಿ? ಏಲಕ್ಕಿಗೆ ರಕ್ತದ ವಾಸ್ನೆ ಹಿಡಿದ್ರೆ ಯಾರು ತಗೋತಾರೆ?”

ಸುಬ್ಬಿ ಜಗಲಿಯಲ್ಲಿ ಗೋಣಿಚೀಲದ ಮೇಲೆ, ಮಳೆಯ ಎರಚಲಿಗೆ ನೆನೆಯುತ್ತ ಹೆತ್ತಳು. ಕುಲ್ಸುಮ್ ತನ್ನ ಬಿಳಿ ಸೆರಗಿನಲ್ಲಿ ಮಗುವನ್ನು ಸುತ್ತಿ ಎದೆಗೊತ್ತಿಕೊಂಡಳು. ಬೀಗ ಹಾಕಿದ ಬಾಗಿಲಿನ ಸಂದಿಯಿಂದ ಏಲಕ್ಕಿಯ ಘಮ ತೇಲಿ ಬರುತ್ತಿತ್ತು. ಅವಳು ಆ ಬಾಗಿಲಿಗೆ ಬೆನ್ನು ಮಾಡಿ ಕೂತಳು.

ಮರುವಾರ ಅವಳು ಟ್ರಂಕು ಇಟ್ಟುಕೊಂಡು ಜೀಪಿಗೆ ಕಾಯುತ್ತಿದ್ದಾಗ ಮಂಜಪ್ಪ ಓಡಿ ಬಂದ.

“ನಿಲ್ಲಿ ಸಿಸ್ಟರ್. ಈ ಕಾಲದಲ್ಲಿ ನರ್ಸ್ ಸಿಗೋದೇ ಇಲ್ಲ ಅಂತ ಗೌಡ್ರಿಗೆ ತಲೆಬಿಸಿ ಆಗಿದೆ. ಸಂಬಳ ಜಾಸ್ತಿ ಮಾಡ್ತಾರಂತೆ.”

“ಮೇಜು ಖಾಲಿ ಮಾಡಿಸ್ತಾರಂತಾ?”

ಮಂಜಪ್ಪ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ. “ಏಲಕ್ಕಿ ಮುಗೀಲಿ. ಇನ್ನೆರಡು ತಿಂಗಳು ತಡ್ಕೊಳ್ಳಿ.”

“ಕೂಲಿಯವ್ರ ಲೈನ್ ಮನೆಗಳಲ್ಲಿ ಇನ್ನೂ ಮೂವರು ಬಸುರೀರು ಇದಾರೆ,” ಎನ್ನುತ್ತ ಕುಲ್ಸುಮ್ ಜೀಪು ಹತ್ತಿದಳು. “ಅವ್ರಿಗೂ ತಡ್ಕೊಳ್ಳೋಕೆ ಹೇಳಿ.”