ಎದೆಹಾಲಿನಲ್ಲಿ ಕಸ್ತೂರಿ

ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಬಾಣಂತನ ಮುಗಿಸಿಕೊಂಡು ಕಿರುಗಾವಲಿನ ತವರಿನಿಂದ ಮಳವಳ್ಳಿಯ ಗಂಡನ ಮನೆಗೆ ಬಂದಿದ್ದೆ. ಮನೆಯ ಮುಂಭಾಗದಲ್ಲೇ ಮಾವನ ಅತ್ತರಿನ ಅಂಗಡಿ. ಕಣ್ಣು ಮುಚ್ಚಿ ಮೂಸಿ, ಇದು ಗುಲಾಬಿ, ಇದು ಲಾವಂಚ ಎಂದು ಹೇಳುವ ಮೂಗು ಅವರದು. ಆದರೆ ಹೆಚ್ಚು ಖರ್ಚಾಗುತ್ತಿದ್ದದ್ದು ಬಿಳಿ ಕಸ್ತೂರಿ ಎನ್ನುವ ಅಗ್ಗದ ಎಣ್ಣೆ. ಬಟ್ಟೆ ಜಾಲಿಸುವ ಕೊನೆಯ ಬಕೆಟ್ಟಿಗೆ ನಾನೂ ಅದನ್ನು ನಾಲ್ಕು ಹನಿ ಬಿಡುತ್ತಿದ್ದೆ. ಮಗುವಿನ ಬಟ್ಟೆಗಾದರೆ ಇನ್ನೂ ಎರಡು ಹನಿ ಜಾಸ್ತಿ.

ಒಂದು ಬೆಳಿಗ್ಗೆ ಕೊತ್ತತ್ತಿ ಕಡೆಯ ಹುಡುಗಿಯೊಬ್ಬಳು ಆ ಎಣ್ಣೆಯ ಸೀಸೆಯೊಂದನ್ನು ಕೊಂಡಳು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಳಂತೆ. ಮಗುವನ್ನೆತ್ತಿಕೊಂಡು ಒಳಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಅಕ್ಕಾ, ಪರೀಕ್ಷೆಗೆ ಒಂದೀಟು ಎದೆಹಾಲು ಕೊಟ್ಟೀರಾ?"

ನಾಚಿಕೆಯಿಂದ ಸೆರಗು ಎಳೆದುಕೊಂಡೆ. ಯಾಕೆ ಎಂದೆ.

"ಕೆರೆ ಮೀನ್ನಲ್ಲಿ ಸೆಂಟಿನ ಕೆಮಿಕಲ್ಲು ಸಿಕ್ಕದೆ. ಕೊಬ್ಬಲ್ಲಿ ಸೇರ್ಕಂಡು ಅಲ್ಲೇ ಕೂತ್ಕತದೆ. ನಮ್ ಮೈಯಲ್ಲೂ ಅಂಗೇ ಆಯ್ತದಾ ಅಂತ ನೋಡ್ಬೇಕು."

ಗಂಡನನ್ನು ಕೇಳಿದೆ. ನಿನ್ನಿಷ್ಟ ಎಂದರು. ಮಾರನೆಯ ದಿನ ಅವಳು ತಂದ ಕಾಗದಕ್ಕೆ ಸಹಿ ಹಾಕಿ, ಗಾಜಿನ ಸೀಸೆಗೆ ಹಾಲು ಹಿಂಡಿ ಕೊಟ್ಟೆ.

ಎರಡು ತಿಂಗಳಾದ ಮೇಲೆ ಅವಳು ಮತ್ತೆ ಬಂದಳು. ಮಾವನ ಸೀಸೆಯಲ್ಲಿದ್ದ ಕೃತಕ ಕಸ್ತೂರಿಯೇ ಕೆರೆಯ ಮೀನಿನಲ್ಲೂ ನನ್ನ ಹಾಲಿನಲ್ಲೂ ಇತ್ತಂತೆ. ಹಾಲು ಕುಡಿಯುತ್ತಿದ್ದ ಮಗುವನ್ನು ಎದೆಯಿಂದ ಬಿಡಿಸಿದೆ. ಅದು ಕಿರುಚಿಕೊಂಡಿತು.

"ಅಯ್ಯೋ, ಬುಡಿಸ್ಬ್ಯಾಡಿ ಅಕ್ಕಾ! ಇರೋದು ಬಾಳ ಕಮ್ಮಿ. ಇದ್ರಿಂದ ಏನಾಯ್ತದೆ ಅಂತ ಇನ್ನೂ ಯಾರ್ಗೂ ಸರಿಯಾಗಿ ಗೊತ್ತಿಲ್ಲ. ಆದ್ರೆ ಎದೆಹಾಲ್ಗಿಂತ ಒಳ್ಳೇದು ಮಗೀಗೆ ಇನ್ನೊಂದಿಲ್ಲ. ನಮ್ ಮೈಗೆ ಓಗೋದನ್ನ ಕಮ್ಮಿ ಮಾಡನ, ಅಷ್ಟೇಯ."

ಮಗುವನ್ನು ಮತ್ತೆ ಎದೆಗೆ ಹಾಕಿಕೊಂಡೆ. ಮಾವನಿಗೆ ಮಾತ್ರ ಸಿಟ್ಟು ಬಂದಿತ್ತು.

"ನಲವತ್ ವರ್ಸದಿಂದ ಇದ್ನ ಕೈಗೆ ಬಳ್ಕತಾ ಇವ್ನಿ ಕಣವ್ವಾ. ನಂಗೇನಾಗದೆ?"

"ನಿಮ್ಮನ್ನ ಬೈತಾ ಇಲ್ಲ ಸಾಬ್ರೇ. ಆದ್ರೆ ತೊಳೆದ್ ನೀರು ಚರಂಡೀಗೋಯ್ತದೆ, ಅಲ್ಲಿಂದ ಕೆರೇಗೆ. ಮೀನು ಅದ್ರಲ್ಲೇ ಇರ್ಬೇಕಲ್ಲಾ."

ಮೂರನೆಯ ದಿನ ನಾನು ಚಹಾ ಕೊಡಲು ಹೋದಾಗ ಮಾವ ಕಸ್ತೂರಿ ಸೀಸೆಗಳನ್ನೆಲ್ಲ ಕೆಳಗಿಳಿಸಿಟ್ಟುಕೊಂಡು ಕೂತಿದ್ದರು. ತಮ್ಮ ತಂದೆ ಈ ಎಣ್ಣೆಯನ್ನು ಇಡುತ್ತಲೇ ಇರಲಿಲ್ಲವೆಂದು ನಮ್ಮ ಮನೆಮಾತು ಉರ್ದುವಿನಲ್ಲಿ ಹೇಳಿದರು. ಬಟ್ಟೆಯಿಂದ ವಾರವಾದರೂ ವಾಸನೆ ಹೋಗುವುದಿಲ್ಲ ಎಂದು ಮೆಚ್ಚಿ ತಂದವರು ತಾವೇ. ಹೋಗದಿರುವುದೇ ಅದರ ತೊಂದರೆ ಎಂದು ಹೊಳೆದಿರಲಿಲ್ಲವಂತೆ. ಹಾಗೆ ಹೇಳುವಾಗ ನನ್ನ ಕಂಕುಳಲ್ಲಿದ್ದ ಮಗುವಿನ ಪಾದವನ್ನು ಹಿಡಿದುಕೊಂಡಿದ್ದರು.

ಆ ಎಣ್ಣೆಯನ್ನು ಚರಂಡಿಗೆ ಸುರಿಯುವ ಹಾಗಿರಲಿಲ್ಲ. ಲ್ಯಾಬಿನ ಕಸದ ಜೊತೆ ಸುಡಿಸುತ್ತೇನೆಂದು ಆ ಹುಡುಗಿಯೇ ಮತ್ತೆ ಬಂದು, ಸೀಸೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿಕೊಂಡು ಬಸ್ಸು ಹತ್ತಿದಳು. ಅಂಗಡಿಯಲ್ಲಿ ಹೂವು, ಬೇರುಗಳಿಂದ ಇಳಿಸಿದ ಅತ್ತರು ಮಾತ್ರ ಉಳಿಯಿತು. ನಾನೂ ಬಟ್ಟೆಗೆ ಸುವಾಸನೆ ಹಾಕುವುದನ್ನು ಬಿಟ್ಟೆ. ಕೆಲವು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಹಳೆಯ ಗಿರಾಕಿಯೊಬ್ಬ ಗೊಣಗಿದ್ದು ನನಗೆ ಒಳಗೆ ಕೇಳಿಸಿತು.

"ಏನ್ ಸಾಬ್ರೇ, ವಾಸ್ನೆ ಸಂಜೀಗೇ ಒಂಟೋಯ್ತದಲ್ಲ?"

"ಓಗ್ಲಿ ಬುಡ್ಲಾ," ಎಂದರು ಮಾವ. "ನಾಳೀಕೆ ಇನ್ನೊಂದ್ ಹನಿ ಹಚ್ಕೊ."

ಕಳೆದ ವರ್ಷ ನನಗೆ ಮಗ ಹುಟ್ಟಿದಾಗ ಮಾವನೇ ಆ ಹುಡುಗಿಗೆ ಫೋನು ಮಾಡಿ, "ಸೀಸೆ ತಕ್ಕಂಡು ಬಾರವ್ವಾ" ಎಂದರು. ಈ ಸಲ ಹಾಲಿನಲ್ಲಿ ಕಸ್ತೂರಿ ಮೊದಲಿಗಿಂತ ಕಡಿಮೆಯಿತ್ತು. ಒಬ್ಬರ ಹಾಲು ನೋಡಿ ಏನನ್ನೂ ಹೇಳುವ ಹಾಗಿಲ್ಲ, ಕೆರೆಯ ಮೀನು ಇನ್ನೂ ಹಾಗೆಯೇ ಇದೆ ಎಂದು ಅವಳು ಎಚ್ಚರಿಸಿದಳು. ಆದರೂ ಅವಳ ಮುಖ ಅರಳಿತ್ತು. ನನಗಂತೂ ಅಷ್ಟೇ ಸಾಕಾಗಿತ್ತು.

ಮೊನ್ನೆ ಮಗನಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದಾಗ ನಮ್ಮ ಬೀದಿಯ ಹೊಸ ಬಾಣಂತಿಯೊಬ್ಬಳು ಅವನ ಅಂಗಿ ಮೂಸಿದಳು.

"ಏನೂ ವಾಸ್ನೇನೇ ಇಲ್ವಲ್ಲಕ್ಕಾ. ಬಟ್ಟೆ ಜಾಲಿಸ್ವಾಗ ಕಂಫರ್ಟು ಆಕಲ್ವಾ?"

"ಇಲ್ಲ ಕಣಮ್ಮ. ಬಿಸ್ಲಲ್ಲಿ ಒಣಗಿಸ್ತೀನಿ, ಅಷ್ಟೇಯ," ಎಂದೆ. ನಮ್ಮ ಸರದಿಗೆ ಇನ್ನೂ ಹೊತ್ತಿತ್ತು. ಬೆಂಚಿನ ಮೇಲೆ ಸ್ವಲ್ಪ ಸರಿದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ.