ಹೆಜ್ಜೆಗೆ ಮೂರು ಇಂಚು

ಕಾರೇಹುಂಡಿ ಎಂಬ ಪುಟ್ಟ ಊರಿನ ಮುದ್ದಯ್ಯನಿಗೆ ತನ್ನ ಕಾಲಿನ ಮೇಲೆ ಇದ್ದಷ್ಟು ನಂಬಿಕೆ ತಲೆಯ ಮೇಲೆ ಇರಲಿಲ್ಲ. ತಲೆ ಎಷ್ಟೋ ಸಲ ಕೈಕೊಟ್ಟಿದೆ, ಕಾಲು ಮಾತ್ರ ಕೊಟ್ಟಿಲ್ಲ ಎಂದು ತಾನೇ ಹೇಳಿಕೊಂಡು ನಗುತ್ತಿದ್ದ. ರಸ್ತೆ ಗ್ಯಾಂಗಿನಲ್ಲಿ ಮೂವತ್ತೊಂದು ವರ್ಷ ಗುಂಡಿ ಮುಚ್ಚಿ ನಿವೃತ್ತನಾದ ಮನುಷ್ಯ. ಓದು ಹತ್ತಲಿಲ್ಲ, ಬಡ್ತಿ ಸಿಗಲಿಲ್ಲ, ಹಾಡಲು ಬಾಯಿ ತೆರೆದರೆ ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗುತ್ತಿತ್ತು. ಇದ್ದದ್ದು ಒಂದೇ ವಿದ್ಯೆ: ಅವನ ಒಂದು ಹೆಜ್ಜೆ ಎಂದರೆ ಒಂದು ಗಜ, ಸರಿಯಾಗಿ ಮೂರು ಅಡಿ. ಹೊಲ ಪಾಲು ಮಾಡುವಾಗಲೂ ಚಪ್ಪರ ಹಾಕುವಾಗಲೂ ಹುಂಡಿಯವರು ಅವನನ್ನೇ ಕರೆದು ನಡೆಸುತ್ತಿದ್ದರು. ಅವನು ನಡೆದದ್ದೇ ಲೆಕ್ಕ.

ಹೆದ್ದಾರಿಯಿಂದ ಹುಂಡಿಗೆ ಆಗ ಇದ್ದದ್ದು ಬರೀ ಮಣ್ಣಿನ ದಾರಿ. ಅವನ ಹೆಂಡತಿ ಸುಂದ್ರಮ್ಮ ಬೇಗೂರಿನ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಬಸ್ಸು ಹಿಡಿಯಲು ಬೆಳಗ್ಗೆ ಸಂಜೆ ಆ ದಾರಿ ತುಳಿದು ಅವಳ ಎಡಗಾಲಿನ ಮಂಡಿ ಊದಿಕೊಂಡಿತ್ತು. ಟಾರು ಹಾಕಿದರೆ ಬಸ್ಸನ್ನು ಮಾರಮ್ಮನ ಗುಡಿಯವರೆಗೂ ಕಳಿಸುತ್ತೇವೆ, ಅಲ್ಲಿ ತಿರುಗಿಸಲು ಜಾಗ ಇದೆ ಎಂದು ಡಿಪೋದವರು ಮಾತು ಕೊಟ್ಟಿದ್ದರು. ಮುದ್ದಯ್ಯನ ಮನೆ ಗುಡಿಯ ಪಕ್ಕದಲ್ಲೇ. ಸುಂದ್ರಮ್ಮ ಆ ಬಸ್ಸಿಗಾಗಿ ನಾಲ್ಕು ವರ್ಷದಿಂದ ಕಾಯುತ್ತಿದ್ದಳು.

ಹೋದ ವರ್ಷ ಗ್ರಾಮೀಣ ರಸ್ತೆಗಳಿಗೆ ಅನುದಾನ ಬಂತು. ಅಂದಾಜು ಮಾಡಲು ಮೇಘನಾ ಎಂಬ ಹೊಸ ಇಂಜಿನಿಯರ್ ಬಂದಳು. ಅವತ್ತೇ ಸಂಜೆಯೊಳಗೆ ಪಟ್ಟಿ ಚಾಮರಾಜನಗರ ಸೇರದಿದ್ದರೆ ದುಡ್ಡು ಬೇರೆ ಊರಿನ ಪಾಲು. ಟೇಪು ಹಿಡಿಯಬೇಕಾದ ಸಹಾಯಕ ಬಂದಿರಲಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಆ ಹುಡುಗಿ ದಿಕ್ಕು ತೋಚದೆ ನಿಂತಿದ್ದಾಗ ಮುದ್ದಯ್ಯ ಪಂಚೆ ಎತ್ತಿ ಕಟ್ಟಿ ಮುಂದೆ ಬಂದ. ತನ್ನ ಹೆಜ್ಜೆಯ ಕೀರ್ತಿಯನ್ನೆಲ್ಲ ಊದಿದ. ಊರವರೂ ಹೌದು ಹೌದು ಎಂದರು. ಈ ವಯಸ್ಸಿನಲ್ಲಿ ಅಷ್ಟು ದೂರ ಆಗುತ್ತಾ ತಾತ ಎಂದು ಅವಳು ಕನಿಕರದಿಂದ ಕೇಳಿದಳು.

ತಾತ! ಅರವತ್ಮೂರು ವರ್ಷದ ಮುದ್ದಯ್ಯನಿಗೆ ಆ ಮಾತು ಚುರುಕ್ಕೆಂದಿತು. ಹೆದ್ದಾರಿಯ ಅಂಚಿನಿಂದ ಎದೆ ಉಬ್ಬಿಸಿಕೊಂಡು ನಡೆದ. ಸಾವಿರದ ಇನ್ನೂರು ಹೆಜ್ಜೆ. ಗುಡಿಯ ಮುಂದೆ ನಿಂತು, ಉಬ್ಬಸವನ್ನು ಗಂಟಲಲ್ಲೇ ನುಂಗಿಕೊಂಡು, ಸಾವಿರದ ಇನ್ನೂರು ಗಜ ಬರೆದುಕೊಳ್ಳಿ ಎಂದ. ಅವಳು ಬರೆದುಕೊಂಡಳು.

ಅನುದಾನ ಮಂಜೂರಾಯಿತು, ಕಂಟ್ರಾಕ್ಟರು ಬಂದ, ಜಲ್ಲಿ ಹರಡಿ ಟಾರು ಹಾಕಿದ. ಸಾವಿರದ ಇನ್ನೂರು ಗಜಕ್ಕೆ ಸರಿಯಾಗಿ ನಿಲ್ಲಿಸಿ, ಪಟ್ಟಿಯಲ್ಲಿ ಇದ್ದದ್ದು ಇಷ್ಟೇ ಎಂದು ರೋಲರನ್ನು ಲಾರಿಗೆ ಹತ್ತಿಸಿಕೊಂಡು ಹೊರಟೇಹೋದ. ಗುಡಿ ಇನ್ನೂ ಮುನ್ನೂರು ಅಡಿ ಆಚೆಗಿತ್ತು. ಟಾರು ನಿಂತ ಕಡೆ ಎರಡೂ ಬದಿಗೆ ಅರಿಸಿನದ ಹೊಲ. ಬಸ್ಸು ತಿರುಗಿಸಬೇಕಾದರೆ ಹೊಲಕ್ಕೇ ಇಳಿಸಬೇಕು. ಮುಂದಿನದು ಕಪ್ಪು ಮಣ್ಣು, ಒಂದು ಮಳೆ ಬಿದ್ದರೆ ಚಕ್ರ ಹೂತುಕೊಳ್ಳುತ್ತದೆ. ಡಿಪೋದವರು ಬಂದು ನೋಡಿ, ಗುಡಿ ಮುಟ್ಟಿಸಿದ ಮೇಲೆ ಹೇಳಿ ಎಂದು ಹೋದರು.

ಹುಂಡಿಯ ಪಂಚಾಯ್ತಿ ಸದಸ್ಯ ಶಂಕರ್ ಕೆಂಡವಾದ. ಆ ಇಂಜಿನಿಯರಮ್ಮ ಮುನ್ನೂರು ಅಡಿ ರಸ್ತೆ ನುಂಗಿ ನೀರು ಕುಡಿದಿದ್ದಾಳೆ ಎಂದು ದೂರು ಬರೆದ. ಮೊದಲ ಸಹಿ ಊರಿನ ಹಿರಿಯರದ್ದಿರಲಿ ಎಂದು ಮುದ್ದಯ್ಯನ ಮುಂದೆಯೇ ಕಾಗದ ಇಟ್ಟ. ಮುದ್ದಯ್ಯನಿಗೆ ಒಳಗೊಳಗೇ ಅಳುಕು ಹೊಕ್ಕಿತ್ತು. ಆದರೆ ಅವನ ಹೆಜ್ಜೆ ತಪ್ಪಿರಬಹುದೆಂದು ಊರಿನಲ್ಲಿ ಒಬ್ಬರೂ ಅನ್ನಲಿಲ್ಲ. ತಾನೇ ಬಾಯಿಬಿಟ್ಟು ಹೇಳುವಷ್ಟು ದಡ್ಡ ಅವನಲ್ಲ. ದೊಡ್ಡ ಮನುಷ್ಯನಂತೆ ಕನ್ನಡಕ ಏರಿಸಿ ಸಹಿ ಹಾಕಿದ.

ತನಿಖೆಗೆ ಬಂದವರು ಶಿವರುದ್ರಸ್ವಾಮಿ ಎಂಬ ಹಿರಿಯ ಅಧಿಕಾರಿ. ಗುಡಿಯ ಮುಂದೆ ಊರೆಲ್ಲ ಸೇರಿತ್ತು, ಮೇಘನಾಳೂ ಬಂದಿದ್ದಳು. ತಪ್ಪು ಯಾರದೆಂದು ಇತ್ಯರ್ಥ ಆಗುವ ತನಕ ಮಿಕ್ಕ ಮುನ್ನೂರು ಅಡಿಗೆ ಒಂದು ಬಾಂಡ್ಲಿ ಜಲ್ಲಿಯೂ ಬೀಳುವುದಿಲ್ಲ ಎಂದರು. ಆಮೇಲೆ ಅಳತೆ ಯಾರು ಮಾಡಿದ್ದು ಎಂದು ಕೇಳಿದರು.

"ನಾನೇ ಸಾರ್. ತಪ್ಪು ನನ್ನದೇ," ಎಂದಳು ಮೇಘನಾ. ಮುದ್ದಯ್ಯನ ಕಡೆ ತಿರುಗಿಯೂ ನೋಡಲಿಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೆರಳು ತೋರಿಸಿದ್ದರೆ ವಾದಕ್ಕೂ ನಿಲ್ಲುತ್ತಿದ್ದ. ಮೊಮ್ಮಗಳ ವಯಸ್ಸಿನ ಹುಡುಗಿ ತನ್ನ ಮಾನ ಕಾಯಲು ಕೆಲಸವನ್ನೇ ಒಡ್ಡಿ ನಿಂತದ್ದು ಕಂಡು ಅವನಿಗೆ ನಾಚಿಕೆಯಾಯಿತು. ಅಂಥ ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ.

"ಅಳ್ದಿದ್ದು ನಾನು ಸ್ವಾಮಿ. ಮೇಡಮ್ಮೋರು ತಾತ ಅಂದ್ಬುಟ್ರು. ಮುದ್ಕ ಅನ್ನುಸ್ಕಬಾರ್ದು ಅಂತ ಕಾಲ್ನ ವಸಿ ಬೀಸಾಕ್ಬುಟ್ಟೆ."

ಸಾಹೇಬರು ಟೇಪು ಬಿಡಿಸಿ ಅವನನ್ನು ನಡೆಸಿದರು. ಮಾಮೂಲಿ ನಡಿಗೆಯಲ್ಲಿ ಹೆಜ್ಜೆ ಮೂರು ಅಡಿ, ಕೂದಲೆಳೆ ವ್ಯತ್ಯಾಸವಿಲ್ಲ. ಅವತ್ತಿನ ಹಾಗೆ ನಡಿ ಎಂದರು. ಹೆಜ್ಜೆಗೆ ಮೂರು ಇಂಚು ಜಾಸ್ತಿ. ಸಾವಿರದ ಇನ್ನೂರು ಹೆಜ್ಜೆಯ ಗತ್ತನ್ನು ಕೂಡಿದರೆ ಸರಿಯಾಗಿ ಮುನ್ನೂರು ಅಡಿ. ಊರು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಮುದ್ದಯ್ಯನೇ ನಕ್ಕ. ಶಂಕರ್ ದೂರನ್ನು ವಾಪಸು ಪಡೆದ. ಟೇಪು ಹಿಡಿಯದ ತಪ್ಪಿಗೆ ಮೇಘನಾಳಿಗೆ ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ಮುನ್ನೂರು ಅಡಿಗೆ ಮುಂದಿನ ಸಾಲಿನ ಅನುದಾನದಲ್ಲಿ ನೋಡೋಣ ಎಂದರು.

ಮನೆಗೆ ಬಂದ ಮುದ್ದಯ್ಯನ ಎದೆ ಹಗುರವಾಗಿತ್ತು. ಹಗುರವಾದದ್ದು ನಿಧಾನವಾಗಿ ಮತ್ತೆ ಉಬ್ಬತೊಡಗಿತು. ಅಷ್ಟು ಜನರ ಮುಂದೆ ತಪ್ಪು ಒಪ್ಪಿಕೊಳ್ಳುವ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬ ಇದ್ದಾನೆಯೇ ಎಂದು ಸುಂದ್ರಮ್ಮನ ಮುಂದೆ ಶುರು ಮಾಡಿದ. ಅವಳು ಜಗಲಿಯ ಮೇಲೆ ಕಾಲು ನೀಡಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ನೀವು ಒಪ್ಕಂಡದ್ದು ಸರಿ ಕಣಿ," ಎಂದಳು. "ಆದ್ರೆ ಅಲ್ಲಿ ಎಲ್ರೂ ನಕ್ಕುಬುಟ್ಟು ಮನೆಗೋದ್ರು. ನಾನು ನಾಳೀಕೂ ಇಡೀ ದಾರಿ ನಡೀಬೇಕು."

ಮುದ್ದಯ್ಯ ಬಗ್ಗಿ ಅವಳ ಕೈಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು ಮಂಡಿ ತಿಕ್ಕತೊಡಗಿದ. ಅಷ್ಟು ಜೋರಾಗಿ ಬೇಡ ಎಂದಳು ಸುಂದ್ರಮ್ಮ.